ಎಲ್ಲರೂ ನಮ್ಮಂತೆಯೇ ಯೋಚಿಸುತ್ತಾರೆಯೇ?

ಚುನಾವಣೆ ಸಮೀಪಿಸಿದಾಗಲೆಲ್ಲ ಒಂದು ಮಾತು ಕೇಳಿ ಬರುತ್ತದೆ: "ಈ ಬಾರಿ ಜನರೆಲ್ಲ ನಿರ್ಧರಿಸಿಬಿಟ್ಟಿದ್ದಾರೆ." ಯಾವ ಜನರು ಎಂದು ವಿಚಾರಿಸಿದರೆ, ಹೇಳಿದವರ ಅಂಗಡಿಗೆ ಬರುವ ನಾಲ್ಕು ಮಂದಿ, ಮದುವೆ ಮನೆಯಲ್ಲಿ ಪಕ್ಕದಲ್ಲಿ ಕುಳಿತ ಇಬ್ಬರು ನೆಂಟರು. ಫಲಿತಾಂಶ ಬೇರೆಯಾದಾಗ ತಮ್ಮ ಎಣಿಕೆ ತಪ್ಪಿತೆಂದು ಒಪ್ಪುವವರು ವಿರಳ. ಮತದಾರರು ಹಣಕ್ಕೆ ಮಾರಿಹೋದರು, ಅವರಿಗೆ ತಿಳಿವಳಿಕೆಯಿಲ್ಲ ಎಂಬ ತೀರ್ಪು ಹೊರಬೀಳುತ್ತದೆ.

1977ರ ಲೋಕಸಭಾ ಚುನಾವಣೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕಾಗಿದೆ. ತುರ್ತು ಪರಿಸ್ಥಿತಿ ಹೇರಿ ಪತ್ರಿಕೆಗಳ ಬಾಯಿ ಕಟ್ಟಿದ್ದ ಇಂದಿರಾ ಗಾಂಧಿಯವರು ಆ ವರ್ಷದ ಜನವರಿಯಲ್ಲಿ ಚುನಾವಣೆ ಘೋಷಿಸಿದರು. ಟೀಕೆ ಕೇಳಿಸುತ್ತಿರಲಿಲ್ಲ. ಕೇಳಿಸದ್ದರಿಂದ ಅಸಮಾಧಾನವೇ ಇಲ್ಲವೆಂದು ಸುತ್ತಲಿನವರು ಭಾವಿಸಿದ್ದಿರಬೇಕು. 1976ರ ಏಪ್ರಿಲ್‌ನಲ್ಲಿ ದಿಲ್ಲಿಯ ತುರ್ಕ್‌ಮಾನ್ ಗೇಟ್‌ನ ಮನೆಗಳ ಮೇಲೆ ಬುಲ್ಡೋಜರ್ ಹರಿದುದನ್ನಾಗಲಿ, ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳನ್ನಾಗಲಿ ಉತ್ತರದ ಜನ ಮರೆತಿರಲಿಲ್ಲ. ಉತ್ತರ ಪ್ರದೇಶದ 85 ಮತ್ತು ಬಿಹಾರದ 54 ಕ್ಷೇತ್ರಗಳಲ್ಲಿ ಒಂದೂ ಕಾಂಗ್ರೆಸ್ಸಿಗೆ ದಕ್ಕಲಿಲ್ಲ. ಸ್ವತಃ ಪ್ರಧಾನಿಯೇ ರಾಯ್‌ಬರೇಲಿಯಲ್ಲಿ ಸೋತರು.

ಇಷ್ಟು ಎಲ್ಲರಿಗೂ ನೆನಪಿದೆ. ನಾವು ಮರೆತಿರುವುದು ನಮ್ಮದೇ ರಾಜ್ಯದ ಫಲಿತಾಂಶವನ್ನು. ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದವು. ಆಂಧ್ರದಲ್ಲಿ 42ರ ಪೈಕಿ 41.

ಇಡೀ ದೇಶವೇ ಸರ್ವಾಧಿಕಾರವನ್ನು ತಿರಸ್ಕರಿಸಿತು ಎನ್ನುವವರಿಗೆ ಈ ಅಂಕಿಗಳು ಇಂದಿಗೂ ತೊಡಕೇ. ದಕ್ಷಿಣದವರಿಗೆ ಸ್ವಾತಂತ್ರ್ಯದ ಬೆಲೆ ತಿಳಿಯದು ಎಂದುಬಿಡುವುದು ಸುಲಭ. ಆದರೆ ಇಲ್ಲಿ ದೇವರಾಜ ಅರಸರ ಸರಕಾರವಿತ್ತು. 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿದಾರರು ಡಿಕ್ಲರೇಶನ್ ಸಲ್ಲಿಸಿ ಭೂ ನ್ಯಾಯಮಂಡಳಿಗಳ ಮುಂದೆ ನಿಂತಿದ್ದರು. ತಲೆಮಾರುಗಳಿಂದ ಧಣಿಯ ಮನೆಗೆ ಅಕ್ಕಿಮುಡಿ ಹೊತ್ತ ಕರಾವಳಿಯ ಒಕ್ಕಲಿಗೆ, ಉಳುವ ಗದ್ದೆ ತನ್ನ ಹೆಸರಿಗಾಗುವ ಭರವಸೆ ಹುಟ್ಟಿತ್ತು. ಅಂಥವನ ಮತವನ್ನು ಅಜ್ಞಾನವೆನ್ನಲು ನಮಗೆ ಮನಸ್ಸು ಬಾರದು. ಹಾಗೆಂದು ಇಲ್ಲಿನ ಸೆರೆಮನೆಗಳು ಸುಳ್ಳಾಗುವುದಿಲ್ಲ. ಬೆಂಗಳೂರಿನ ಜೈಲಿನಲ್ಲಿ ಆರೋಗ್ಯ ಕಳೆದುಕೊಂಡ ಕಲಾವಿದೆ ಸ್ನೇಹಲತಾ ರೆಡ್ಡಿಯವರು ಹೊರಬಂದ ಕೆಲವೇ ದಿನಗಳಲ್ಲಿ, ಅದೇ 1977ರ ಜನವರಿಯಲ್ಲಿ, ನಿಧನರಾದರು. ಅವರ ಬಳಗದವರೂ ಆ ಗೇಣಿದಾರನೂ ಒಂದೇ ಚುನಾವಣೆಯಲ್ಲಿ ಮತ ಹಾಕಿದ್ದರು.

ದಿಲ್ಲಿಯ ಹೊಸ ಆಡಳಿತಗಾರರು ಈ ವ್ಯತ್ಯಾಸದ ಕಾರಣವನ್ನು ಹುಡುಕಿದಂತೆ ಕಾಣುವುದಿಲ್ಲ. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಉಪಚುನಾವಣೆ ಬಂತು. ಜನತಾ ಪಕ್ಷ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನೇ ಕಣಕ್ಕಿಳಿಸಿತು. ದೇಶವೇ ತಿರಸ್ಕರಿಸಿತೆಂದು ಅವರು ನಂಬಿದ್ದ ಇಂದಿರಾ ಗಾಂಧಿ, ಅಲ್ಲಿ 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದು ಲೋಕಸಭೆಗೆ ಮರಳಿದರು.