ಅರೆಬರೆ ಒಣಗಿದ ಸೊಪ್ಪು ಡಬ್ಬಿಗೆ ಬೇಡ

ಬಿರಿಯಾನಿಗೆಂದು ಎರಡು ಕಟ್ಟು ಪುದೀನ ತರುತ್ತೀರಿ. ಒಂದು ಖರ್ಚಾಗುತ್ತದೆ, ಇನ್ನೊಂದು ಫ್ರಿಜ್‌ನ ಮೂಲೆಯಲ್ಲಿ ಕಪ್ಪಾಗಿ ಕಸದ ಬುಟ್ಟಿ ಸೇರುತ್ತದೆ. ಹಾಗೆ ಹಾಳು ಮಾಡುವ ಬದಲು ಒಣಗಿಸಿಡುವುದು ಖಂಡಿತ ಒಳ್ಳೆಯ ಅಭ್ಯಾಸ. ಆದರೆ ಸರಿಯಾಗಿ ಒಣಗದ ಸೊಪ್ಪನ್ನು ಡಬ್ಬಿಗೆ ತುಂಬಿಸುವುದಕ್ಕಿಂತ ಎಸೆಯುವುದೇ ಮೇಲು ಎಂದು ನಾನು ಹೇಳುತ್ತೇನೆ.

ಪುದೀನ ಎಲೆಯಲ್ಲಿ ನೂರಕ್ಕೆ ಸುಮಾರು 80ರಿಂದ 85 ಪಾಲು ನೀರೇ ಇರುತ್ತದೆ. ಎಲೆ ಮೇಲೆ ಒಣಗಿದಂತೆ ಕಂಡರೂ ದಂಟಿನಲ್ಲಿ ಪಸೆ ಉಳಿದಿರುತ್ತದೆ. ಮುಚ್ಚಳ ಬಿಗಿದ ಮೇಲೆ ಅದಕ್ಕೆ ಹೊರಹೋಗಲು ದಾರಿಯಿಲ್ಲ. ಬೂಷ್ಟು ಹಿಡಿಯುತ್ತದೆ. ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಮೇಲಿನ ಬೂಷ್ಟು ತೆಗೆದು ಕೆಳಗಿನದನ್ನು ಬಳಸುವವರಿದ್ದಾರೆ. ಹೇಗೂ ಬೇಯಿಸುತ್ತೇವಲ್ಲ ಎಂಬ ಸಮಾಧಾನ ಬೇರೆ! ಕೆಲವು ಬೂಷ್ಟುಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ಇಡೀ ಡಬ್ಬಿಯನ್ನೇ ಖಾಲಿ ಮಾಡಿ.

ಸೊಪ್ಪನ್ನು ತೊಳೆದು, ದಂಟಿನಿಂದ ಎಲೆ ಬಿಡಿಸಿ, ಶುಭ್ರವಾದ ಹತ್ತಿ ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ. ತಾರಸಿಯ ಬಿಸಿಲು ಬೇಡ. ಬಣ್ಣವೂ ಪರಿಮಳವೂ ಹೋಗುತ್ತದೆ, ಧೂಳು ನೊಣಗಳ ಕಾಟ ಬೇರೆ. ಗಾಳಿಯಾಡುವ ಕೋಣೆಯ ನೆರಳು ಸಾಕು, ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು. ದಿನ ಲೆಕ್ಕ ಹಾಕಬೇಡಿ, ಎಲೆಯನ್ನೇ ಪರೀಕ್ಷಿಸಿ. ಬೆರಳಲ್ಲಿ ಉಜ್ಜಿದಾಗ ಪುಡಿಯಾಗಬೇಕು. ಮಡಚಿದರೆ ಇನ್ನೂ ಆಗಿಲ್ಲ. ಮೊದಲ ಕೆಲವು ದಿನ ಗಾಜಿನ ಬಾಟಲಿಯಲ್ಲಿಟ್ಟು ನೋಡಿ. ಒಳಗೋಡೆಯಲ್ಲಿ ಹನಿ ಕಂಡರೆ ಮತ್ತೆ ಹೊರಗೆ ಹರಡಿ.

ಬಾಟಲಿಯ ಜಾಗ ಒಲೆಯ ಮೇಲಿನ ಶೆಲ್ಫ್ ಅಲ್ಲ, ಬೆಳಕು ಬೀಳದ ತಂಪಾದ ಕಪಾಟು. ಕುದಿಯುವ ಪಾತ್ರೆಯ ಮೇಲೆ ಬಾಟಲಿ ಬಗ್ಗಿಸಿ ಉದುರಿಸುವ ಅಭ್ಯಾಸವನ್ನೂ ಬಿಡಿ, ಹಬೆಯೆಲ್ಲ ಒಳಗೆ ಹೋಗುತ್ತದೆ. ಒಣ ಚಮಚದಲ್ಲಿ ತೆಗೆದು ಹಾಕಿ.

ಕರಿಬೇವು, ಮೆಂತ್ಯ ಸೊಪ್ಪು ಇದೇ ರೀತಿ ಚೆನ್ನಾಗಿ ಒಣಗುತ್ತವೆ. ಕೊತ್ತಂಬರಿ ಸೊಪ್ಪಿನ ವಿಷಯದಲ್ಲಿ ಮಾತ್ರ ಈ ಶ್ರಮ ವ್ಯರ್ಥ, ಒಣಗಿದರೆ ಅದು ಬರೀ ಹುಲ್ಲು. ಹೆಚ್ಚಿ, ಸ್ವಲ್ಪ ನೀರು ಸೇರಿಸಿ ಐಸ್ ಟ್ರೇಯಲ್ಲಿ ಗಟ್ಟಿಯಾಗಿಸಿಕೊಳ್ಳಿ.

ಹಸಿ ಸೊಪ್ಪನ್ನೋ ಬೆಳ್ಳುಳ್ಳಿಯನ್ನೋ ಬರೀ ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಹೊರಗಿಡುವುದು ಇದಕ್ಕಿಂತಲೂ ಅಪಾಯಕಾರಿ. ಉಪ್ಪು, ಹುಳಿ ಹಾಕಿದ ಉಪ್ಪಿನಕಾಯಿಯ ಮಾತು ಬೇರೆ. ಗಾಳಿಯಿಲ್ಲದ ಎಣ್ಣೆಯಡಿಯಲ್ಲಿ ಬೆಳೆಯುವ ಬಾಟುಲಿಸಂ ರೋಗಾಣುವಿನ ವಿಷ ಪ್ರಾಣವನ್ನೇ ತೆಗೆಯಬಲ್ಲದು. ವಾಸನೆಯಲ್ಲಾಗಲಿ ರುಚಿಯಲ್ಲಾಗಲಿ ಅದು ತಿಳಿಯುವುದಿಲ್ಲ. ಅಂಥದ್ದನ್ನು ಮಾಡಲೇಬೇಕಿದ್ದರೆ ಫ್ರಿಜ್‌ನಲ್ಲೇ ಇಟ್ಟು ನಾಲ್ಕು ದಿನದೊಳಗೆ ಮುಗಿಸಿ.