ಹಳ್ಳಿಯ ಅಂಚೆಯವರು ಮುಷ್ಕರ ಹೂಡುವುದೇಕೆ?

ಅಂಚೆ ನೌಕರರು ಮುಷ್ಕರಕ್ಕಿಳಿದಾಗಲೆಲ್ಲ 'ಸರಕಾರಿ ಕೆಲಸವಿದ್ದೂ ಇವರಿಗೇನು ಕೊರತೆ?' ಎಂಬ ಮಾತು ಕೇಳಿಬರುತ್ತದೆ. ಆದರೆ ಊರಿನ ಶಾಖಾ ಅಂಚೆ ಕಚೇರಿಯಲ್ಲಿ ದುಡಿಯುವವರು ಸರಕಾರದ ಲೆಕ್ಕದಲ್ಲಿ ಪೂರ್ಣಾವಧಿ ನೌಕರರೇ ಅಲ್ಲ. ಮುಂಬಯಿಯಲ್ಲಿ ನೆಲೆಸಿದ ಅನೇಕ ಕನ್ನಡಿಗರಿಗೆ ಇದು ತಿಳಿದಿಲ್ಲ. ಮುಷ್ಕರದ ಮೂಲವಿರುವುದೇ ಇಲ್ಲಿ.

ದೇಶದ ಸುಮಾರು 1.64 ಲಕ್ಷ ಅಂಚೆ ಕಚೇರಿಗಳಲ್ಲಿ ಹತ್ತರಲ್ಲಿ ಒಂಬತ್ತು ಗ್ರಾಮಾಂತರದಲ್ಲಿವೆ. ಅವುಗಳಲ್ಲಿ ಬಹುಪಾಲು ನಡೆಯುತ್ತಿರುವುದು 'ಗ್ರಾಮೀಣ ಡಾಕ್ ಸೇವಕ'ರಿಂದ. ಹಿಂದೆ ಇವರನ್ನು 'ಇಲಾಖೇತರ' ನೌಕರರು ಎನ್ನುತ್ತಿದ್ದರು. ಇವರದು ನಾಗರಿಕ ಹುದ್ದೆಯೇ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ತೀರ್ಪಿತ್ತಿತು. 2001ರಲ್ಲಿ ಹೆಸರು ಬದಲಾಯಿತು, ಸ್ಥಾನ ಬದಲಾಗಲಿಲ್ಲ. ಜೀವನಕ್ಕೆ ಬೇರೆ ಆದಾಯವಿರಬೇಕು ಎಂಬುದೇ ನೇಮಕಾತಿಯ ಶರತ್ತು. ಕಚೇರಿಗೆ ಜಾಗವನ್ನೂ ಬ್ರಾಂಚ್ ಪೋಸ್ಟ್‌ಮಾಸ್ಟರರೇ ಒದಗಿಸಬೇಕು. ಇಲಾಖೆಯ ಖಾಯಂ ನೌಕರರಿಗಿರುವಂಥ ಪಿಂಚಣಿ ಇವರಿಗಿಲ್ಲ.

ಖಾಯಂ ನೌಕರರಿಗೆ ಏಳನೇ ವೇತನ ಆಯೋಗದ ಸಂಬಳ 2016ರಲ್ಲೇ ಬಂತು. ಡಾಕ್ ಸೇವಕರಿಗಾಗಿ ನೇಮಿಸಿದ ಕಮಲೇಶ್ ಚಂದ್ರ ಸಮಿತಿ ಅದೇ ವರ್ಷ ನವೆಂಬರಿನಲ್ಲಿ ವರದಿ ಸಲ್ಲಿಸಿದರೂ ಅದು ಕಡತದಲ್ಲೇ ಉಳಿಯಿತು. 2018ರ ಮೇ 22ರಂದು ಅನಿರ್ದಿಷ್ಟಾವಧಿ ಮುಷ್ಕರ ಆರಂಭವಾಯಿತು. ಜೂನ್ 6ರಂದು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ನಾಲ್ಕು ಗಂಟೆಯ ಕೆಲಸಕ್ಕೆ ಪೋಸ್ಟ್‌ಮಾಸ್ಟರರಿಗೆ 12,000 ರೂ., ಇತರರಿಗೆ 10,000 ರೂ. ಮೂಲ ಭತ್ಯೆ ನಿಗದಿಯಾಯಿತು. ಒಂದೂವರೆ ವರ್ಷ ಅಲುಗಾಡದ ಕಡತ ಹದಿನೈದು ದಿನಗಳ ಮುಷ್ಕರದಿಂದ ಅಲುಗಿತು. ಕೇಳಿದರೆ ಸಿಗದು, ಬಾಗಿಲು ಹಾಕಿದರಷ್ಟೇ ಸಿಗುತ್ತದೆ ಎಂಬ ಪಾಠವನ್ನು ಸರಕಾರವೇ ಕಲಿಸಿದಂತಾಯಿತು. 2023ರ ಡಿಸೆಂಬರ್ 12ರಂದು ಎಂಟು ಗಂಟೆ ಕೆಲಸ, ಪಿಂಚಣಿಗಾಗಿ ಮತ್ತೆ ಮುಷ್ಕರ ನಡೆದದ್ದರಲ್ಲಿ ಆಶ್ಚರ್ಯವಿಲ್ಲ.

ಸಣ್ಣ ಕಚೇರಿಗಳಲ್ಲಿ ದಿನವಿಡೀ ಕೆಲಸವಿಲ್ಲ, ಆದಾಯವೂ ಕಡಿಮೆ ಎಂಬ ವಾದವಿದೆ. ಅದನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಕಾಗದ ಪತ್ರ ಕಡಿಮೆಯಾದದ್ದೂ ನಿಜ. ಆದರೆ ಉಳಿತಾಯ ಖಾತೆ, ಗ್ರಾಮೀಣ ಅಂಚೆ ಜೀವವಿಮೆಗಳ ಜೊತೆ 2018ರಿಂದ ಪೇಮೆಂಟ್ಸ್ ಬ್ಯಾಂಕಿನ ಕೆಲಸವೂ ಸೇರಿದೆ. ನಡೆಯಲಾಗದ ವೃದ್ಧರ ಮನೆಬಾಗಿಲಿಗೆ ಹೋಗಿ ಬೆರಳಚ್ಚು ಪಡೆದು ಹಣ ಎಣಿಸಿ ಕೊಡುವವರೂ ಇವರೇ. ಗುಡ್ಡ ಹತ್ತಿಳಿದು ಒಂಟಿ ಮನೆಗಳಿಗೆ ನಡೆಯುವ ಹೊತ್ತನ್ನು ನಾಲ್ಕೈದು ಗಂಟೆಯೊಳಗೆ ತುರುಕಲಾಗದು. ಕೆಲಸ ಕಡಿಮೆ ಎನ್ನುವ ಇಲಾಖೆ ಹೊಸ ಕೆಲಸಗಳನ್ನು ಹೊರಿಸುತ್ತಲೇ ಬಂದಿದೆ.

ಮುಷ್ಕರದಿಂದ ಮೊದಲು ತೊಂದರೆಯಾಗುವುದು ಹಳ್ಳಿಯ ಬಡವರಿಗೇ. ಆದುದರಿಂದಲೇ ಮುಷ್ಕರದವರೆಗೆ ಕಾಯದೆ ಮಾತುಕತೆ ನಡೆಸುವ ಹೊಣೆ ಸರಕಾರದ ಮೇಲಿದೆ. ಒಂದು ಕಾಲದಲ್ಲಿ ಮುಂಬಯಿಯ ಹೋಟೆಲುಗಳಲ್ಲಿ ದುಡಿದವರ ಮನಿಯಾರ್ಡರನ್ನು ಊರಿನ ಮನೆಗೆ ಮುಟ್ಟಿಸಿದವರು ಇದೇ ಅಂಚೆಯವರು. ಇಂದು ಊರಲ್ಲಿ ಒಂಟಿಯಾಗಿರುವ ತಂದೆತಾಯಿಯರಿಗೆ ಆಸರೆಯಾದವರಲ್ಲಿ ಅವರೂ ಸೇರಿದ್ದಾರೆ. ಊರಿನ ರೈಲಿಗಾಗಿ ಮನವಿ ಸಲ್ಲಿಸುವ ಸಂಘ-ಸಂಸ್ಥೆಗಳು ಈ ಪಿಂಚಣಿಯ ಬೇಡಿಕೆಯ ಪರವಾಗಿಯೂ ಸಂಸದರಿಗೊಂದು ಮನವಿ ಸಲ್ಲಿಸಲಿ.