ಬ್ರಾಡ್‌ಬ್ಯಾಂಡಿಗೂ ಒಬ್ಬ ನೀರುಗಂಟಿ

ಕೆರೆ ತುಂಬಿದ ಮಾತ್ರಕ್ಕೆ ಅಚ್ಚುಕಟ್ಟಿನ ಗದ್ದೆಗಳೆಲ್ಲ ತಾವಾಗಿ ನೆನೆಯುವುದಿಲ್ಲವೆಂಬುದು ರೈತರಿಗೆ ತಿಳಿಯದ ಸಂಗತಿಯಲ್ಲ. ತೂಬನ್ನು ಎತ್ತಬೇಕು, ಕಾಲುವೆಯ ಹೂಳನ್ನು ತೆಗೆಯಬೇಕು, ಮೇಲಿನ ಗದ್ದೆಯವನು ಅಡ್ಡಕಟ್ಟೆ ಹಾಕದಂತೆ ನೋಡಿಕೊಂಡು, ಕೊನೆಯ ಗದ್ದೆಗೂ ಸರದಿಯಂತೆ ನೀರನ್ನು ಮುಟ್ಟಿಸಬೇಕು. ಈ ಕೆಲಸಕ್ಕಾಗಿಯೇ ಮೈಸೂರು ಸೀಮೆಯ ಹಳ್ಳಿಗಳವರು ನೀರುಗಂಟಿಯನ್ನು ಇಟ್ಟುಕೊಂಡು, ಸುಗ್ಗಿಯ ಕಾಲದಲ್ಲಿ ಕಣದಿಂದಲೇ ಅವನಿಗೆ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಪ್ರಕೃತ ಗ್ರಾಮಪಂಚಾಯಿತಿಯ ಬಾಗಿಲವರೆಗೆ ಬಂದು ನಿಂತಿರುವ ಬ್ರಾಡ್‌ಬ್ಯಾಂಡಿನ ವಿಷಯದಲ್ಲಿ ಕೊರತೆಯಾಗಿರುವುದು ಬಹುಮಟ್ಟಿಗೆ ಈ ನೀರುಗಂಟಿಯೇ.

ಸುಮಾರು ಎರಡೂವರೆ ಲಕ್ಷ ಗ್ರಾಮಪಂಚಾಯಿತಿಗಳಿಗೆ ಗಾಜಿನ ಎಳೆಯ ತಂತಿಯನ್ನು, ಎಂದರೆ ಆಪ್ಟಿಕಲ್ ಫೈಬರನ್ನು, ಎಳೆಯುವ ಯೋಜನೆಗೆ ಭಾರತ ಸರ್ಕಾರದವರು 2011ನೆಯ ಇಸವಿ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟರು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ದೂರವಾಣಿ ಕಂಪೆನಿಗಳ ಆದಾಯದಿಂದ ಶೇಕಡಾ 5ರಂತೆ ಕೂಡಿಸುವ ನಿಧಿಯೇ ಇದರ ಮೂಲಧನ. ಆದುದರಿಂದ ಫೋನಿಗೆ ಹಣ ತೆರುವ ಪ್ರತಿಯೊಬ್ಬ ರೈತನೂ ಇದರಲ್ಲಿ ಪಾಲುಗಾರನೆನ್ನಬಹುದು. ಮೊದಲು ಹಾಕಿದ ತಂತಿಯು ಒಂದು ಊರಿನಿಂದ ಮುಂದಿನ ಊರಿಗೆ ಒಂದೇ ಸಾಲಿನಲ್ಲಿ ಹೋಗುತ್ತಿದ್ದುದರಿಂದ, ರಸ್ತೆ ಅಗಲಿಸುವವರೋ ಕೊಳವೆ ಹೂಳುವವರೋ ನಡುವೆ ಒಂದು ಕಡೆ ಅದನ್ನು ಕಡಿದರೆ ಮುಂದಿನ ಊರುಗಳೆಲ್ಲವೂ ಮೂಕವಾಗುತ್ತಿದ್ದುವು. ಈ ದೋಷವನ್ನು ಸರ್ಕಾರದವರೇ ಮನಗಂಡು, 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಗಳ ತಿದ್ದಿದ ಯೋಜನೆಯನ್ನು ಮಂಜೂರು ಮಾಡಿದರು. ಇದರಂತೆ ತಂತಿಯು ಬಳೆಯಾಕಾರದಲ್ಲಿ ಸುತ್ತಿ ಬರತಕ್ಕದ್ದು. ಒಂದು ಪಕ್ಕ ಕಡಿದರೂ ಇನ್ನೊಂದು ಪಕ್ಕದಿಂದ ಸುದ್ದಿ ಹರಿಯುವುದು. ಹತ್ತು ವರ್ಷಗಳ ದುರಸ್ತಿಯ ಹೊಣೆಯನ್ನೂ ಗುತ್ತಿಗೆಯಲ್ಲಿಯೇ ಸೇರಿಸಿರುವರು. ಇದು ಮೆಚ್ಚತಕ್ಕ ಏರ್ಪಾಡು.

ಆದರೆ ಬಳೆಯು ಸುತ್ತುವುದು ಮುಖ್ಯವಾಗಿ ಪಂಚಾಯಿತಿಯ ಕಚೇರಿಗಳನ್ನು. ಒಂದು ಪಂಚಾಯಿತಿಗೆ ಹಲವು ಹಳ್ಳಿಗಳು; ಮಲೆನಾಡಿನಲ್ಲಾದರೋ ಒಂದೊಂದು ಮನೆಯೂ ಒಂದೊಂದು ಕಣಿವೆಯಲ್ಲಿ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಅಲ್ಲಿಯ ಮಕ್ಕಳು ಪಾಠ ಕೇಳುವುದಕ್ಕಾಗಿ ಕೊಡೆ ಹಿಡಿದು ಗುಡ್ಡ ಹತ್ತಿದುದನ್ನು ಯಾರೂ ಮರೆತಿರಲಾರರು. ಆ 2020ರಲ್ಲಿಯೇ ಕರ್ನಾಟಕ ಸರ್ಕಾರವು ರೈತನು ತನ್ನ ಬೆಳೆಯ ಚಿತ್ರವನ್ನು ತಾನೇ ತೆಗೆದು ಫೋನಿನ ಮೂಲಕ ಕಳುಹಿಸುವ ಬೆಳೆಸಮೀಕ್ಷೆಯ ಕ್ರಮವನ್ನು ತಂದಿತು. ಚಿತ್ರವನ್ನು ಕೇಳಿದ ಮೇಲೆ ಅದನ್ನು ಕಳುಹಿಸುವ ದಾರಿಯನ್ನೂ ಕೊಡುವುದು ನ್ಯಾಯವಷ್ಟೆ.

ಫೋನಿನ ಕಂಪೆನಿಗಳೇ ಇದನ್ನು ಪೂರೈಸುವುವೆಂದು ಕೆಲವರು ಹೇಳುವರು. ಗಿರಾಕಿಗಳು ವಿರಳವಾದ ಕಡೆಗೆ ಅವು ತಾವಾಗಿ ಹೋಗಿದ್ದರೆ, 2022ರ ಜುಲೈನಲ್ಲಿ ಸರ್ಕಾರವು 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಗಳನ್ನು ಗೊತ್ತುಮಾಡುವ ಪ್ರಮೇಯವೇ ಬರುತ್ತಿರಲಿಲ್ಲ.

ಪಂಚಾಯಿತಿಯಿಂದ ಆಚೆಗೆ ಅಗ್ಗವಾದ ಸಾಧನವು ನಿಸ್ತಂತು, ಎಂದರೆ ವೈ-ಫೈ. 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್‌ಗಳನ್ನು ಗೊತ್ತಾದ ಶಕ್ತಿಯ ಮಿತಿಯೊಳಗೆ ಲೈಸೆನ್ಸಿಲ್ಲದೆ ಉಪಯೋಗಿಸಲು 2018ರ ಅಕ್ಟೋಬರಿನಿಂದ ಅನುಮತಿಯುಂಟು. ಊರಿನ ನೀರಿನ ಟ್ಯಾಂಕಿನ ನೆತ್ತಿಯಲ್ಲಿ ಒಂದು ಆಂಟೆನಾವನ್ನು ನಿಲ್ಲಿಸಿ ಎದುರು ಹಳ್ಳಿಯ ಆಂಟೆನಾಕ್ಕೆ ಗುರಿಯಿಟ್ಟರೆ, ನಡುವೆ ಮರೆಯಿಲ್ಲದ ಪಕ್ಷದಲ್ಲಿ ಹಲವು ಕಿಲೋಮೀಟರುಗಳ ದೂರಕ್ಕೆ ಸಂಪರ್ಕವಾಗುವುದು. ಮರೆಯೇ ಇದರ ಶತ್ರು. ತೆಂಗು ಅಡಿಕೆಗಳ ಹಸಿಯೆಲೆಯಲ್ಲಿರುವ ನೀರು ಈ ಅಲೆಗಳನ್ನು ಕುಡಿದುಬಿಡುವುದು. ಇಂದು ಕಾಣುತ್ತಿದ್ದ ಗುರಿಯು ಎಳೆಯ ತೋಟ ಎತ್ತರಕ್ಕೆ ಎದ್ದ ಮೇಲೆ ಕಾಣದಾಗುವುದು. ಗಾಳಿಗೆ ಆಂಟೆನಾ ತಿರುಗುವುದುಂಟು. ಸಿಡಿಲಿಗೆ ನೆಲತಂತಿ ಬೇಕು. ವಿದ್ಯುತ್ತು ಹೋದಾಗ ಬ್ಯಾಟರಿ ಬೇಕು. ಮತ್ತೊಂದು ಮಾತು: ಬಂದ ವೇಗವು ಇದ್ದವರೆಲ್ಲರಿಗೂ ಹಂಚಿಹೋಗುವುದಾದುದರಿಂದ, ಸಂಜೆಯ ಹೊತ್ತು ನಾಲ್ಕು ಮನೆಯವರು ಸಿನಿಮಾ ನೋಡಲು ಕುಳಿತರೆ ಐದನೆಯವನ ಪಹಣಿಯ ಪ್ರತಿಯು ಬಾರದೆ ನಿಲ್ಲುವುದು. ಸರದಿಯನ್ನು ಗೊತ್ತುಮಾಡುವ ಉಪಾಯಗಳು ಯಂತ್ರದಲ್ಲಿಯೇ ಇರುವುವು. ಅವನ್ನು ನ್ಯಾಯವಾಗಿ ನಡೆಸುವವನು ಬೇಕು. ಬೆಂಗಳೂರಿನಲ್ಲಿ ಕುಳಿತ ಇಂಜಿನಿಯರನಿಗೆ ಯಾವ ತೆಂಗಿನಮರ ಅಡ್ಡವಾಯಿತೆಂಬುದು ತಿಳಿಯುವುದಾದರೂ ಹೇಗೆ?

ಇಂತಹ ಕೆಲಸವನ್ನು ಹಳ್ಳಿಗರೇ ನಡೆಸಿರುವ ದೃಷ್ಟಾಂತವು ಪರದೇಶದಲ್ಲಿದೆ. ಸ್ಪೇನಿನ ಕ್ಯಾಟಲೋನಿಯಾ ಪ್ರಾಂತದ ಒಸೋನಾ ಎಂಬ ಗ್ರಾಮಸೀಮೆಗೆ ಕಂಪೆನಿಗಳು ಬಾರದಿರಲಾಗಿ, ಅಲ್ಲಿಯವರು 2004ರಲ್ಲಿ ಮನೆಯ ಮಾಡಿನಿಂದ ಮಾಡಿಗೆ ನಿಸ್ತಂತು ಸಂಪರ್ಕವನ್ನು ಕಟ್ಟಲಾರಂಭಿಸಿದರು. ಗೀಫಿ.ನೆಟ್ ಎಂದು ಹೆಸರಾದ ಆ ಜಾಲವು ಈಗ 30,000ಕ್ಕೂ ಮಿಕ್ಕಿದ ಠಾಣ್ಯಗಳಿಗೆ ಬೆಳೆದಿರುವುದು. ಜಾಲವು ಯಾರೊಬ್ಬರ ಸ್ವತ್ತೂ ಅಲ್ಲ. ಸೇರಿದವನು ತನ್ನ ಭಾಗವನ್ನು ಇತರರಿಗೂ ತೆರೆದಿಡತಕ್ಕದ್ದೆಂಬುದು ಅದರ ಕಟ್ಟಳೆ.

ಕನ್ನಡನಾಡಿಗೆ ಈ ಪದ್ಧತಿಯು ಹೊಸತೇನೂ ಅಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಸಹಕಾರ ಸಂಘವನ್ನು ಸ್ಥಾಪಿಸಿದರು. ಇಂದು ಎಷ್ಟೋ ಹಳ್ಳಿಗಳಲ್ಲಿ ಹಾಲಿನ ಸಂಘವು ದಿನಕ್ಕೆ ಎರಡು ಹೊತ್ತು ಬಾಗಿಲು ತೆರೆದು, ಹನಿಹನಿಗೂ ಲೆಕ್ಕವಿಟ್ಟು, ಹಣವನ್ನು ತಪ್ಪದೆ ಬಟವಾಡೆ ಮಾಡುತ್ತಿರುವುದು. ಅಂತಹ ಸಂಘವಾಗಲಿ ಅಂಗಡಿಯಾಗಲಿ ಲೈಸೆನ್ಸೂ ನೋಂದಣಿಯ ಶುಲ್ಕವೂ ಇಲ್ಲದೆ ಸಾರ್ವಜನಿಕ ವೈ-ಫೈ ಒದಗಿಸಬಹುದೆಂದು ಕೇಂದ್ರ ಸರ್ಕಾರದವರು 2020ರ ಡಿಸೆಂಬರಿನಲ್ಲಿ ಪಿಎಂ-ವಾಣಿ ಎಂಬ ಯೋಜನೆಯಿಂದ ಅವಕಾಶ ಮಾಡಿರುವರು. ಈ ಅವಕಾಶವನ್ನು ಹಳ್ಳಿಯ ಸಂಘಗಳು ಕೈಗೆತ್ತಿಕೊಳ್ಳುವುದು ಯುಕ್ತ.

ಬೇಕಾದ ಸಲಕರಣೆ ಹೆಚ್ಚೇನಲ್ಲ. ಟ್ಯಾಂಕಿನ ಮೇಲೆ ಜಾಗವನ್ನೂ ಕಚೇರಿಯಿಂದ ಒಂದು ತಂತಿಯನ್ನೂ ಪಂಚಾಯಿತಿಯು ಕೊಡಲಿ. ಊರಿನವರೇ ಆದ ಒಬ್ಬಿಬ್ಬರು ತರುಣರೋ ತರುಣಿಯರೋ ಗುರಿಯಿಡುವುದನ್ನೂ ತಂತಿ ಬೆಸೆಯುವುದನ್ನೂ ಕಲಿಯಲಿ. ಅವರ ಸಂಬಳವು ಬಳಸುವವರ ತಿಂಗಳ ಚಂದಾದಿಂದಲೇ ಬರತಕ್ಕದ್ದು. ಸರ್ಕಾರದ ಸಂಬಳವಾದರೆ ಅವರು ವರ್ಗವಾಗಿ ಹೋಗುವರು. ಚಂದಾ ಎಷ್ಟು, ಸಂಜೆಯ ಸರದಿ ಹೇಗೆ, ಕೊಡಲಾರದ ಮನೆಯ ಮಕ್ಕಳಿಗೆ ಏನು ಏರ್ಪಾಡು ಎಂಬಿವನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಚರ್ಚಿಸಿ, ಕಾಲುವೆಯ ಸರದಿಯನ್ನು ಬರೆದಿಡುವಂತೆ ಪುಸ್ತಕದಲ್ಲಿ ಬರೆದಿಡಬೇಕು.